ಗೌಹರ ಟೀಚರ್ ಮಿಲ್ಲಿನ ಲೈನಿಗೆ ಹೋದದ್ದು

ಹಾನಗಲ್ಲಿನಿಂದ ತಿಳವಳ್ಳಿ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಗೌಹರ ಟೀಚರದ್ದು. ಯಾರೂ ಅದನ್ನು ಆಕೆಗೆ ಬರೆದುಕೊಟ್ಟಿರಲಿಲ್ಲ. ಆದರೆ ಆಕೆ ಹತ್ತುವವರೆಗೆ ಅಲ್ಲಿ ಯಾರೂ ಕೂಡುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿಸಬೇಕಾದವರು, ಮಗಳನ್ನು ಹೈಸ್ಕೂಲಿಗೆ ಕಳಿಸಲೋ ಬೇಡವೋ ಎಂದು ಅಳೆದು ಸುರಿಯುವವರು, ಸೊಸೆಯ ಮೇಲೆ ಸಿಟ್ಟಾದವರು, ಎಲ್ಲರೂ ಆ ಸೀಟಿನ ಪಕ್ಕ ಒಂದು ಗಳಿಗೆ ಕುಂತು ಏಳುವವರೇ. ಗೌಹರಳೂ ಹಾಗೆಯೇ ಇದ್ದಳು. ಯಾರ ಮನೆಯ ಕದವಾದರೂ ಸರಿ, ತಟ್ಟಿ ಒಳಗೆ ಹೋಗುವವಳು. ಆ ಬಗ್ಗೆ ಆಕೆಗೆ ಸಣ್ಣದೊಂದು ಹೆಮ್ಮೆಯೂ ಇತ್ತು.

ಆಕೆ ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ. ಅಪ್ಪ ದಸ್ತಗೀರಸಾಬ ಮಂದಿಯ ವೀಳ್ಯದೆಲೆಯ ತೋಟದಲ್ಲಿ ಎಲೆ ಕೊಯ್ದು, ಕಟ್ಟು ಕಟ್ಟಿ ಮಾರುಕಟ್ಟೆಗೆ ಸಾಗಿಸುವ ಕೆಲಸ ಮಾಡುತ್ತಿದ್ದ. ಆ ಮನೆಯಲ್ಲಿ ಸರಕಾರಿ ಸಂಬಳ ಕಂಡವಳು ಗೌಹರಳೇ ಮೊದಲು. ಹಾನಗಲ್ಲಿನ ಮುಜಾಫರನಿಗೆ ಕೊಟ್ಟು ಮದುವೆ ಮಾಡಿದ ಮೇಲೆ ತಿಳವಳ್ಳಿ ರಸ್ತೆಯ ಹಳ್ಳಿಯೊಂದರ ಶಾಲೆಗೆ ವರ್ಗವಾಗಿ ಬಂದಳು. ಮುಜಾಫರ ಬಸ್ ಸ್ಟ್ಯಾಂಡಿನ ಹತ್ತಿರ ಸವಣೂರ ಖಾರ ಎಂಬ ಕರಿದ ತಿಂಡಿಯ ಅಂಗಡಿ ಇಟ್ಟಿದ್ದ.

ಆ ಹಳ್ಳಿಯ ಹೊರಗೆ ಒಂದು ಅಕ್ಕಿ ಮಿಲ್ಲು ಇತ್ತು. ಮೊದಲು ಊರಿನವರೇ ಅಲ್ಲಿ ಚೀಲ ಹೊರುತ್ತಿದ್ದರು. ಈಚೆಗೆ ಮಾಲೀಕ ದೂರದ ಉತ್ತರದಿಂದ ಜನರನ್ನು ಕರೆಸತೊಡಗಿದ. ಮಿಲ್ಲಿನ ಹಿಂದೆ ತಗಡಿನ ಚಾವಣಿಯ ಕೋಣೆಗಳ ಸಾಲೊಂದನ್ನು ಕಟ್ಟಿಸಿದ. ಊರಿನವರು ಅದಕ್ಕೆ ಲೈನು ಅನ್ನುತ್ತಿದ್ದರು, ಅಲ್ಲಿದ್ದವರಿಗೆ ಬಿಹಾರಿಗಳು ಅನ್ನುತ್ತಿದ್ದರು. ಅವರು ಬಿಹಾರದವರಲ್ಲ, ಜಾರ್ಖಂಡದ ಚಾಯಿಬಾಸಾ ಸೀಮೆಯ ಆದಿವಾಸಿಗಳು, ಅವರ ಮನೆಮಾತು ಹಿಂದಿಯೂ ಅಲ್ಲ, ಹೋ ಎಂಬ ಬೇರೆಯದೇ ನುಡಿ ಎಂಬುದು ಶಾಲೆಗಾಗಲೀ ಗೌಹರಳಿಗಾಗಲೀ ಬಹಳ ದಿನ ಗೊತ್ತಾಗಲಿಲ್ಲ. ಯಾರೂ ಕೇಳಲಿಲ್ಲ, ಹಾಗಾಗಿ ಅವರೂ ಹೇಳಲಿಲ್ಲ.

ಲೈನಿನ ಮಕ್ಕಳು ಶಾಲೆಗೆ ಬಂದ ಮೊದಲ ದಿನ ಹೆಡ್ ಮಾಸ್ತರ ಫಕ್ಕೀರಪ್ಪನವರು ಗೌಹರಳನ್ನು ಕರೆದರು.

“ಗೌಹರಬಾಯಿ, ನಿಮಗ ಹಿಂದಿ ಬರ್ತೈತಲ್ಲ. ಇವ್ರನ್ನ ನೀವ ನೋಡ್ಕೊಳ್ರಿ. ನನಗಂತೂ ಒಂದು ಮಾತು ತಿಳಿಯಾಂಗಿಲ್ಲ.”

“ಅದೇನ್ ದೊಡ್ಡದ್ರಿ ಸರ್, ನಾ ಮಾತಾಡ್ತೇನಿ,” ಅಂದಳು ಗೌಹರ.

ಆಕೆಯದು ಸವಣೂರಿನ ಉರ್ದು. ಹೌದು ಅನ್ನಲು ‘ಹೌ’, ಬೇಡ ಅನ್ನಲು ‘ನಕ್ಕೋ’, ಯಾಕೆ ಅನ್ನಲು ‘ಕೈಕು’. ಆಕೆ ಮಾತಾಡಿದಾಗ ಎದುರಿಗಿದ್ದ ತಂದೆತಾಯಿಗಳು ತಲೆ ಆಡಿಸಿದರು. ತಿಳಿಯಿತು ಎಂದು ಆಕೆ ತಿಳಿದಳು. ಸಿಂಗರಾಯ್ ಎಂಬ ಗಟ್ಟಿಮುಟ್ಟಾದ, ಮಾತು ಕಡಿಮೆಯ ಹಮಾಲ ತನ್ನ ಮಗಳ ಹೆಸರು ಗುರುಬಾರಿ ಎಂದ. ಫಕ್ಕೀರಪ್ಪನವರು ‘ಗುರುಬಾಯಿ’ ಎಂದು ಬರೆದುಕೊಂಡರು. ಗೌಹರ ಪಕ್ಕದಲ್ಲೇ ನಿಂತಿದ್ದಳು, ತಿದ್ದಲಿಲ್ಲ. ಅದೂ ಚಂದದ ಹೆಸರೇ ಅಲ್ಲವೇ ಅನ್ನಿಸಿತ್ತು.

ಗುರುಬಾಯಿ ಚುರುಕಾಗಿದ್ದಳು. ಏಳು ವರ್ಷದ ಹುಡುಗಿ, ಮೊದಮೊದಲು ಒಂದು ಮೂಲೆಯಲ್ಲಿ ಮಂಡಿ ಕಟ್ಟಿ ಕೂಡುತ್ತಿದ್ದವಳು, ದೀಪಾವಳಿ ಕಳೆಯುವಷ್ಟರಲ್ಲಿ ಊರ ಹುಡುಗಿಯರ ಜೊತೆ ಕುಂಟಬಿಲ್ಲೆ ಆಡುತ್ತ “ನಂದ ಪಾಳಿ, ನೀ ಸರಿ” ಎಂದು ಜಗಳ ತೆಗೆಯುವಷ್ಟು ಕನ್ನಡ ಕಲಿತಳು. ಗೌಹರ ಆಕೆಯನ್ನು ತನ್ನ ಗೆಲುವು ಎಂದು ಎಣಿಸಿದ್ದಳು. ಮೀಟಿಂಗುಗಳಲ್ಲಿ ಬೇರೆ ಶಾಲೆಯ ಟೀಚರುಗಳ ಮುಂದೆ, “ನಮ್ಮ ಬಿಹಾರಿ ಹುಡುಗಿ ಹೆಂಗ ಕನ್ನಡ ಮಾತಾಡ್ತಾಳ ನೋಡ್ಬೇಕ್ರಿ ನೀವು” ಅನ್ನುತ್ತಿದ್ದಳು. ಆದರೆ ಆ ಹುಡುಗಿಯ ಮನೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಊರ ಎಲ್ಲ ಮನೆಗಳ ಕದ ತಟ್ಟಿದವಳಿಗೆ ಮಿಲ್ಲಿನ ಗೇಟು ದಾಟುವುದು ಯಾಕೋ ಆಗಿರಲಿಲ್ಲ. ಇವತ್ತು ನಾಳೆ ಎಂದುಕೊಳ್ಳುತ್ತಲೇ ವರ್ಷ ಕಳೆದಿತ್ತು.

ಮುಂದಿನ ವರ್ಷದ ಮಳೆಗಾಲದಲ್ಲಿ ಸರಕಾರದ ಸಮವಸ್ತ್ರ ಬಂತು. ಹೆಣ್ಣುಮಕ್ಕಳನ್ನು ಒಳಕೋಣೆಗೆ ಕರೆದು ಗೌಹರ ಒಬ್ಬೊಬ್ಬರಿಗೆ ಅಳತೆ ನೋಡಿ ತೊಡಿಸುತ್ತಿದ್ದಳು. ಗುರುಬಾಯಿಯ ಹಳೆಯ ಅಂಗಿ ಮೇಲೆತ್ತಿದಾಗ ಆಕೆಯ ಕೈ ಅಲ್ಲೇ ನಿಂತಿತು. ಹುಡುಗಿಯ ಹೊಕ್ಕುಳ ಸುತ್ತ ಸುಟ್ಟ ಕಲೆಗಳಿದ್ದವು. ಕಾದ ಕಬ್ಬಿಣ ಒತ್ತಿದಂತೆ, ದುಂಡಗೆ, ಸಾಲಾಗಿ.

“ಇದೇನವಾ? ಯಾರ್ ಹಾಕಿದ್ರು ಇದನ್ನ?”

ಹುಡುಗಿಗೆ ಹೊಸ ಅಂಗಿಯ ಗುಂಡಿಯ ಮೇಲೆ ಕಣ್ಣು. “ಅವ್ವ ಹಿಡಕೊಂಡಿದ್ಳಂತ,” ಅಂದಳು.

‘ಅಂತ’ ಅಂದಿದ್ದಳು ಹುಡುಗಿ. ತನಗೆ ನೆನಪಿಲ್ಲ, ಯಾರೋ ಹೇಳಿದ್ದು ಎಂದರ್ಥ. ಮಕ್ಕಳಿಗೆ ಕನ್ನಡ ಕಲಿಸುವ ಗೌಹರಳ ಕಿವಿಗೆ ಆ ಎರಡಕ್ಷರ ಬೀಳಲಿಲ್ಲ. ಅವ್ವ ಹಿಡಿದುಕೊಂಡಳು ಎಂಬುದಷ್ಟೇ ಬಿತ್ತು. ಹೆತ್ತ ತಾಯಿ! ಎಂಥ ಮಂದಿ ಇವರು!

ಫಕ್ಕೀರಪ್ಪನವರ ಕೋಣೆಗೆ ಹೋಗಿ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೊದಲ ಒಂದ್ಸಲ ಅವ್ರ ಮನಿಗೆ ಹೋಗಿ ವಿಚಾರ ಮಾಡೂಣೇನ್ರಿ?”

“ವಿಚಾರ ಮಾಡೂದ್ರಾಗ ಆ ಹುಡುಗೀನ ಕೊಂದ್ರ ಯಾರ್ ಜವಾಬ್ದಾರ್ರಿ ಸರ್? ನಾ ಫೋನ್ ಮಾಡ್ತೇನಿ.”

ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಸಿಟ್ಟಿನ ಜೊತೆಗೆ ಒಳಗೆಲ್ಲೋ ತಾನೊಂದು ಜೀವ ಉಳಿಸುತ್ತಿದ್ದೇನೆ ಎಂಬ ಹಿಗ್ಗೂ ಇತ್ತು. ಆಮೇಲೆ ಆಕೆಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಆ ಹಿಗ್ಗೇ.

ಮರುದಿನ ಮಧ್ಯಾಹ್ನ ಜೀಪು ಬಂತು. ಮಕ್ಕಳ ರಕ್ಷಣೆಯ ಇಲಾಖೆಯ ಒಬ್ಬ ಹೆಣ್ಣುಮಗಳು, ರಾಜಶ್ರೀ ಎಂದು ಹೆಸರು, ಜೊತೆಗೆ ಇಬ್ಬರು ಪೊಲೀಸರು. ಮಾತು ತಿಳಿಸಿ ಹೇಳಲು ಗೌಹರಳೇ ಬೇಕೆಂದರು. ಹೀಗೆ ಆಕೆ ಮೊದಲ ಸಲ ಮಿಲ್ಲಿನ ಗೇಟು ದಾಟಿದ್ದು ಪೊಲೀಸ್ ಜೀಪಿನಲ್ಲಿ ಕುಂತು.

ಲೈನಿನ ಕೋಣೆಗಳ ಬಾಗಿಲಲ್ಲಿ ಹೆಂಗಸರು ಎದ್ದು ನಿಂತರು. ಗುರುಬಾಯಿಯ ತಾಯಿ ಜಾನೋ ತೊಟ್ಟಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ತುಂಬಿದ ಬಸುರಿ. ಟೀಚರನ್ನು ಕಂಡು ಆಕೆಯ ಮುಖ ಅರಳಿತು. ಒದ್ದೆ ಕೈಗಳನ್ನು ಸೀರೆಗೆ ಒರೆಸಿ, ಜೋಡಿಸಿ, “ಜೋಹಾರ್” ಅಂದಳು. ಅದು ಅವರ ನಮಸ್ಕಾರ. ಗೌಹರ ತಿರುಗಿ ಏನೂ ಅನ್ನಲಿಲ್ಲ.

“ಬಚ್ಚೀಕು ಕೈಕು ಜಲಾಯೇ ತುಮ್?” ಎಂದಳು. ಮಗುವನ್ನು ಯಾಕೆ ಸುಟ್ಟೆ?

ಜಾನೋಗೆ ಕೈಕು ತಿಳಿಯಲಿಲ್ಲ. ಜಲಾಯೇ ಎಂಬುದು ತಿಳಿಯಿತು. ಏನು ಸುಟ್ಟಿತು ಎಂದು ಒಲೆಯ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಪೊಲೀಸನೊಬ್ಬ ಗೋಡೌನಿನಿಂದ ಸಿಂಗರಾಯ್‌ನನ್ನು ಮೊಣಕೈ ಹಿಡಿದು ಕರೆತಂದ. ಭುಜದ ಮೇಲೆ ಇನ್ನೂ ಚೀಲದ ಹೊಟ್ಟು ಹತ್ತಿತ್ತು. ಹಿಂದೆಯೇ ಮಿಲ್ಲಿನ ಮ್ಯಾನೇಜರ್ ಕೂಗಾಡುತ್ತ ಬಂದ. ರಾಜಶ್ರೀ ಬಾಯಿ ತನ್ನ ಹೊಟ್ಟೆಯನ್ನು ಮುಟ್ಟಿ ತೋರಿಸಿ, ಬೆರಳಿನಿಂದ ದುಂಡಗೆ ಚುಕ್ಕೆ ಇಟ್ಟು, “ಗುರುಬಾಯಿ, ಗುರುಬಾಯಿ” ಅಂದಳು.

ಆಗ ಜಾನೋಗೆ ತಿಳಿಯಿತು. ಆಕೆ ಒಮ್ಮೆ ಗಂಡನನ್ನು ನೋಡಿದಳು, ಪೊಲೀಸರನ್ನು ನೋಡಿದಳು, ಟೀಚರನ್ನು ನೋಡಿದಳು. ಬಾಯಲ್ಲಿ ಹೇಳಿದರೆ ಯಾರೂ ನಂಬಲಾರರು ಅನ್ನಿಸಿತೋ, ಹೇಳಲು ಮಾತೇ ಇರಲಿಲ್ಲವೋ. ಸೀರೆಯ ಸೆರಗನ್ನು ಪಕ್ಕಕ್ಕೆ ಸರಿಸಿದಳು. ಅಷ್ಟು ಜನ ಗಂಡಸರ ಎದುರು, ಆ ಬಸುರಿ ಹೆಂಗಸು ತನ್ನ ತುಂಬಿದ ಹೊಟ್ಟೆಯನ್ನು ಬತ್ತಲೆ ಮಾಡಿ ತೋರಿಸಿದಳು. ಹೊಕ್ಕುಳ ಸುತ್ತ ಅವೇ ಕಲೆಗಳು. ಬಸಿರಿಗೆ ಚರ್ಮ ಬಿಗಿದು ಅಗಲವಾಗಿ, ಬೆಳ್ಳಗೆ ಹಿಗ್ಗಿದ್ದವು.

“ಹಮರಾ ಭೀ,” ಅಂದಳು. ನನಗೂ ಇವೆ.

ಪೊಲೀಸನೊಬ್ಬ ಮುಖ ತಿರುಗಿಸಿದ. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದ. “ಸಾಕವಾ ತಾಯಿ, ಮುಚ್ಚಿಕೊ,” ಎಂದು ರಾಜಶ್ರೀ ಬಾಯಿ ತಾನೇ ಮುಂದೆ ಹೋಗಿ ಆಕೆಯ ಸೆರಗು ಎಳೆದು ಹೊದಿಸಿದಳು. ಗೌಹರ ನಿಂತಲ್ಲೇ ತನ್ನ ದುಪ್ಪಟ್ಟಾವನ್ನು ಎರಡೂ ಕೈಯಲ್ಲಿ ಎದೆಗೆ ಬಿಗಿಹಿಡಿದಿದ್ದಳು. ಯಾವಾಗ ಹಿಡಿದಳೋ ಆಕೆಗೇ ಗೊತ್ತಿರಲಿಲ್ಲ.

“ಇದು ಅವ್ರ ಕಡೆ ಕೂಸುಗಳಿಗೆ ಹಾಕೂ ಬರಿ ಇರಬೇಕ್ರಿ,” ಅಂದಳು ರಾಜಶ್ರೀ ಬಾಯಿ, ತುಸು ದೂರ ಕರೆದು. “ಸಂಕ್ರಾಂತಿ ಮರುದಿನ ಹಾಕ್ತಾರಂತ, ಹೊಟ್ಟಿನೋವು ಬರಬಾರದು ಅಂತ. ತಪ್ಪು ಹೌದು, ಹಾಕಬಾರದು, ತಿಳಿಸಿ ಹೇಳೂಣು. ಆದ್ರ ಇದು ಹೊಡದು ಬಡದು ಸುಟ್ಟದ್ದಲ್ಲ. ನೀವು ಇವ್ರ ಮನಿಗೆ ಮೊದಲ ಒಂದ್ಸಲನಾದ್ರೂ ಬಂದಿದ್ರೇನ್ರಿ ಟೀಚರ್?”

“ಇಲ್ರಿ.”

ಏನೇ ಇದ್ದರೂ ದೂರು ಬಂದ ಮೇಲೆ ಹೇಳಿಕೆ ಬರೆದುಕೊಳ್ಳಲೇಬೇಕಿತ್ತು. ಗಂಡಹೆಂಡತಿ ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ಇಡೀ ಲೈನು ನೋಡುತ್ತ ನಿಂತಿತ್ತು. ಜೀಪು ಹತ್ತುವಾಗ ಜಾನೋ ಗೌಹರಳ ಮಗ್ಗುಲಲ್ಲೇ ಹಾದುಹೋದಳು. ಬೈಯಲಿಲ್ಲ, ಅಳಲಿಲ್ಲ. ಟೀಚರ್ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹಾದುಹೋದಳು. ಸಂಜೆಯೊಳಗೆ ಇಬ್ಬರನ್ನೂ ಬಿಟ್ಟರು. ಆದರೆ ಬಿಟ್ಟದ್ದನ್ನು ನೋಡಲು ಊರು ಸೇರಿರಲಿಲ್ಲ.

ಮನೆಗೆ ಬಂದ ಗೌಹರ ಚಹಾ ಕುಡಿಯಲಿಲ್ಲ, ಕೈಕಾಲು ತೊಳೆಯಲಿಲ್ಲ. ಎಡಗೈ ಗಡಿಯಾರದ ಅಗಲವಾದ ಪಟ್ಟಿ ಬಿಚ್ಚಿದಳು. ಅದರ ಕೆಳಗೆ, ಮಣಿಕಟ್ಟಿನ ಒಳಮಗ್ಗುಲಿಗೆ, ಬೆರಳುದ್ದದ ಸುಟ್ಟ ಕಲೆ ಇತ್ತು.

ಸಣ್ಣವಳಿದ್ದಾಗ ಆಕೆಗೆ ಕಾಮಾಲೆ ಆಗಿತ್ತು. ಕಣ್ಣು ಹಳದಿಯಾಗಿ, ಅನ್ನ ಸೇರದೆ ಮಲಗಿಬಿಟ್ಟಾಗ ತಾಯಿ ದಿಲ್ಶಾದ ಆಕೆಯನ್ನು ಸೊಂಟದ ಮೇಲೆ ಹೊತ್ತು ಬಂಕಾಪುರಕ್ಕೆ ಒಯ್ದಿದ್ದಳು. ಅಲ್ಲೊಬ್ಬಳು ಮುದುಕಿ ಬರೆ ಹಾಕುವವಳು. ಹಾಕುವಾಗ ತಾಯಿಯೇ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಹಿಡಿದುಕೊಂಡೇ ಅತ್ತಿದ್ದಳು, ಕೂಸಿಗಿಂತ ಜೋರಾಗಿ. ಮರಳಿ ಶಾಲೆಗೆ ಹೋದಾಗ ಸವಣೂರಿನ ಮಾಸ್ತರರು ಆ ಹಸಿ ಗಾಯ ನೋಡಿ ಕೇಳಿದ್ದು ಒಂದೇ ಮಾತು. “ಕಾಮಣಿ ಆಗಿತ್ತೇನವಾ? ಈಗ ಉಣ್ಣಾಕ ಸೇರ್ತೈತಿ?” ಅವರು ಪೊಲೀಸರನ್ನು ಕರೆಸಲಿಲ್ಲ. ದಿಲ್ಶಾದಳನ್ನು ರಾಕ್ಷಸಿ ಅನ್ನಲಿಲ್ಲ. ಆಮೇಲೆ ಟೀಚರ್ ಟ್ರೇನಿಂಗಿನ ಹಾಸ್ಟೆಲ್ಲಿನಲ್ಲಿ ಯಾರೋ ಹುಡುಗಿ ಆ ಕಲೆ ನೋಡಿ ಮೂಗು ಮುರಿದದ್ದೇ ತಡ, ಗೌಹರ ಅಗಲ ಪಟ್ಟಿಯ ಗಡಿಯಾರ ಕೊಂಡಿದ್ದಳು. ಮಂದಿಗೆ ಕಾಣದಂತೆ ಮುಚ್ಚಿದ್ದು ಕಡೆಗೆ ತನಗೇ ಮರೆತುಹೋಗಿತ್ತು.

ಮುಜಾಫರ ಅಂಗಡಿ ಮುಚ್ಚಿ ಬಂದು ಎಲ್ಲ ಕೇಳಿದ. “ನೀ ಒಳ್ಳೇದಕ್ಕಂತನ ಮಾಡಿದಿ. ಯಾಕ ಇಷ್ಟ ಮನಸಿಗೆ ಹಚ್ಕೊಂತಿ?”

“ಒಳ್ಳೇದಕ್ಕ ಅಲ್ರಿ,” ಅಂದಳು ಆಕೆ. “ಆ ಕಲೆ ನೋಡಿದ ಕೂಡ್ಲೆ ‘ಎಂಥ ಮಂದಿ ಇವ್ರು’ ಅಂತ ಬಂತು ನನ್ನ ಬಾಯಾಗ. ನಮ್ಮೂರ ಯಾರದರ ಮಗಳ ಮೈಮ್ಯಾಗ ಕಂಡಿದ್ರ ಹಂಗ ಬರ್ತಿತ್ತೇನು? ಮೊದಲ ಅವ್ರ ತಾಯಿನ್ನ ಕರದು ಕೇಳ್ತಿದ್ನಿ.”

ಮುಜಾಫರ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟ.

ಮರುದಿನದಿಂದ ಲೈನಿನ ಒಂದು ಮಗುವೂ ಶಾಲೆಗೆ ಬರಲಿಲ್ಲ. ವಾರದೊಳಗೆ ಇನ್ನೊಂದು ಸುದ್ದಿ ಬಂತು. ಬುಧರಾಮ ಎಂಬ ಎರಡನೇ ಇಯತ್ತೆಯ ಹುಡುಗನ ಮನೆಯವರು, ಪೊಲೀಸರು ತಮ್ಮ ಮಕ್ಕಳ ಹೊಟ್ಟೆಯನ್ನೂ ನೋಡಲು ಬರುತ್ತಾರೆಂದು ಹೆದರಿ, ಮ್ಯಾನೇಜರಿಗೂ ಹೇಳದೆ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟಿದ್ದರು. ತಮಿಳುನಾಡಿಗೆ ಎಂದರು ಕೆಲವರು, ಕೇರಳಕ್ಕೆ ಎಂದರು ಕೆಲವರು. ಬುಧರಾಮ ಎಡಗೈಯಲ್ಲಿ ಬರೆಯುತ್ತಿದ್ದ. ‘ಮ’ವನ್ನು ಯಾವಾಗಲೂ ತಿರುವುಮುರುವು ಮಾಡುತ್ತಿದ್ದ. ತಿದ್ದಬೇಕು ತಿದ್ದಬೇಕು ಎಂದುಕೊಂಡಿದ್ದಳು ಗೌಹರ. ಆ ಹುಡುಗ ಈಗ ಎಲ್ಲಿದ್ದಾನೆ, ಶಾಲೆಗೆ ಹೋಗುತ್ತಾನೋ ಇಲ್ಲವೋ, ಆಕೆಗೆ ಇವತ್ತಿನವರೆಗೂ ಗೊತ್ತಿಲ್ಲ.

ಫಕ್ಕೀರಪ್ಪನವರು ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಹಾಜರಿ ಕರೆಯುವಾಗ ಆ ಹೆಸರುಗಳು ಬಂದಾಗ ದನಿ ತಗ್ಗಿಸಿ, ಮುಂದಿನ ಹೆಸರಿಗೆ ಹೋಗುತ್ತಿದ್ದರು, ಅಷ್ಟೇ.

ಒಂದು ರವಿವಾರ ಗೌಹರ ಮನಸ್ಸು ಗಟ್ಟಿ ಮಾಡಿ ಲೈನಿಗೆ ಹೋದಳು. ಕೈಯಲ್ಲಿ ಬಿಸ್ಕೀಟಿನ ಪುಡಿಕೆ, ಮುಜಾಫರನ ಅಂಗಡಿಯ ಖಾರದ ಪೊಟ್ಟಣ. ಆಕೆಯನ್ನು ದೂರದಿಂದ ಕಂಡ ಮಕ್ಕಳು ಓಡಿ ಒಳಹೊಕ್ಕರು. ಒಂದಾದ ಮೇಲೊಂದು ಬಾಗಿಲು ಮುಚ್ಚಿದವು. “ಪೊಲೀಸ್ ಟೀಚರ್” ಎಂದು ಯಾರೋ ಮಗು ಅಂದದ್ದು ಕಿವಿಗೆ ಬಿತ್ತು. ಕನ್ನಡದಲ್ಲಿ ಅಂದಿತ್ತು. ಜಾನೋಳ ಬಾಗಿಲು ಅರೆ ತೆರೆಯಿತು. ಗುರುಬಾಯಿ ತಾಯಿಯ ಹಿಂದೆ ನಿಂತು ಇಣುಕುತ್ತಿದ್ದಳು. ಗೌಹರ ಪೊಟ್ಟಣಗಳನ್ನು ಹೊಸ್ತಿಲಲ್ಲಿಟ್ಟಳು. ಜಾನೋ ಬಗ್ಗಲಾರದ ಮೈಯಲ್ಲಿ ಕಷ್ಟಪಟ್ಟು ಬಗ್ಗಿ, ಅವನ್ನೆತ್ತಿ, ಟೀಚರಳ ಕೈಗೆ ಮರಳಿ ಕೊಟ್ಟು ಬಾಗಿಲು ಹಾಕಿಕೊಂಡಳು.

ಆದರೂ ಹೋಗುವುದನ್ನು ಬಿಡಲಿಲ್ಲ. ಕೆಲವು ಸಲ ಗೇಟಿನವರೆಗೆ ಹೋಗಿ, ಧೈರ್ಯ ಸಾಲದೆ ತಿರುಗಿ ಬಂದದ್ದೂ ಉಂಟು. ಕೆಲವು ಸಲ ನೀರಿನ ತೊಟ್ಟಿಯ ಹತ್ತಿರ ಕಲ್ಲಿನ ಮೇಲೆ ಕುಂತು, ಯಾರೂ ಮಾತಾಡಿಸದಿದ್ದರೆ ಎದ್ದು ಬರುವಳು. ಕಡೆಗೆ ಒಂದು ದಿನ ಸಿಂಗರಾಯ್ ತಾನಾಗಿ ಹತ್ತಿರ ಬಂದ. ಆತನ ಹಿಂದಿ ನಿಧಾನವಾಗಿತ್ತು, ಮರ್ಯಾದೆಯದಾಗಿತ್ತು. “ಮೇಡಂ, ನೀವು ಬರಬೇಡಿ. ನೀವು ಬಂದಾಗಲೆಲ್ಲ ಮ್ಯಾನೇಜರ್ ನನ್ನ ಕರೆದು, ಮತ್ತೇನು ಲಫಡಾ ಮಾಡಿದಿರಿ ಅಂತ ಕೇಳುತ್ತಾನೆ.”

ಗೌಹರಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಪ್ಪು ಮಾಡಿದ್ದಕ್ಕೆ ನಾಚಿಕೆಪಟ್ಟು ಬಂದಿದ್ದಳು. ನಾಚಿಕೆ ಕಳೆದುಕೊಳ್ಳಲು ಬಂದದ್ದೂ ಅವರ ಕೊರಳಿಗೇ ಸುತ್ತಿಕೊಂಡಿತ್ತು. ಆ ಮೇಲೆ ಲೈನಿಗೆ ಹೋಗುವುದನ್ನು ನಿಲ್ಲಿಸಿದಳು.

ಮಳೆಗಾಲ ಮುಗಿಯಿತು. ಜಾನೋಗೆ ಗಂಡುಮಗು ಆಯಿತೆಂದು ಬಿಸಿಯೂಟದ ಗುತ್ತೆವ್ವ ಹೇಳಿದಳು. ಚಳಿ ಬಿದ್ದಿತು, ಸಂಕ್ರಾಂತಿ ಹತ್ತಿರ ಬಂತು. ಸಂಕ್ರಾಂತಿಯ ಮರುದಿನ ಎಂದು ರಾಜಶ್ರೀ ಬಾಯಿ ಹೇಳಿದ್ದ ಮಾತು ಗೌಹರಳ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಆ ಕೂಸಿಗೂ ಹಾಕುತ್ತಾರೆ. ಹೇಳಬೇಕು. ಆದರೆ ಯಾವ ಮುಖ ಹೊತ್ತು ಹೇಳುವುದು? ಇನ್ನೊಮ್ಮೆ ಫೋನು ಮಾಡುವುದೇ? ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದಳು.

ಹಾಗಿರುವಾಗ ಒಂದು ಶನಿವಾರ ಮಧ್ಯಾಹ್ನ, ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಆಕೆ ಜಾನೋಳನ್ನು ಕಂಡಳು. ಕೂಸಿಗೆ ಸೂಜಿ ಹಾಕಿಸಿಕೊಂಡು ದವಾಖಾನೆಯಿಂದ ಬಂದಿದ್ದಳು, ಒಬ್ಬಳೇ. ಬಸ್ಸುಗಳ ಬೋರ್ಡು ಕನ್ನಡದಲ್ಲಿವೆ, ಆಕೆಗೆ ಓದಲು ಬಾರದು. ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹೋಗಿ ಕಂಡಕ್ಟರುಗಳ ಮುಖ ನೋಡುತ್ತಿದ್ದಳು. ಗೌಹರ ಏನು ಮಾಡಿದಳು ಗೊತ್ತೇ? ಕಂಬದ ಮರೆಗೆ ಸರಿದು ನಿಂತಳು. ಜಾನೋ ತನ್ನನ್ನು ನೋಡದಿರಲಿ ಎಂದು. ಊರ ಮಂದಿಗೆಲ್ಲ ದಾರಿ ಹೇಳುವ ಟೀಚರ್ ಕಂಬದ ಹಿಂದೆ ಅಡಗಿ ನಿಂತಳು.

ಜಾನೋ ಒಂದು ಬಸ್ಸು ಹತ್ತಿದಳು. ಅದು ಶಿಗ್ಗಾವಿ ಬಸ್ಸು. ಡ್ರೈವರ್ ಹಾರ್ನ್ ಹೊಡೆದ. ಆಗ ಗೌಹರಳ ಕಾಲುಗಳು ತಾವಾಗಿ ಓಡಿದವು.

“ಜಾನೋ! ಇಳಿ, ಇಳಿ! ಶಿಗ್ಗಾವಿದು ಇದು! ನಿಲ್ಸ್ರಿ ಡ್ರೈವರ್ ಸಾಹೇಬ್ರ!”

ಕೈ ಹಿಡಿದು ಇಳಿಸಿದಳು. ಜಾನೋ ಕೈ ಬಿಡಿಸಿಕೊಂಡಳು, ಆದರೆ ಹಿಂದೆಯೇ ಬಂದಳು. ತಿಳವಳ್ಳಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಂತರು, ನಡುವೆ ಒಂದು ಗೇಣು ಬಿಟ್ಟು. ಕಂಡಕ್ಟರ್ ಬಂದ. ಗೌಹರ ಆಧಾರ್ ತೋರಿಸಿದಳು, ಹೆಂಗಸರ ಪುಕ್ಕಟೆ ಟಿಕೀಟು ಸಿಕ್ಕಿತು. ಜಾನೋಳೂ ತನ್ನದನ್ನು ತೋರಿಸಿದಳು.

“ಇದು ನಮ್ಮ ರಾಜ್ಯದ್ದಲ್ಲ, ನಡಿಯಾಂಗಿಲ್ಲ. ಟಿಕೀಟ ತಗಸು,” ಅಂದ ಕಂಡಕ್ಟರ್.

ಗೌಹರ ಚೀಲಕ್ಕೆ ಕೈಹಾಕಿದಳು. ಜಾನೋ ತಲೆ ಅಲ್ಲಾಡಿಸಿ ಬೇಡವೆಂದಳು. ಸೆರಗಿನ ಗಂಟು ಬಿಚ್ಚಲು ಎರಡೂ ಕೈ ಬೇಕಿತ್ತು. ಒಂದು ಕ್ಷಣ ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಕೂಸನ್ನು ಗೌಹರಳ ತೊಡೆಯ ಮೇಲಿಟ್ಟಳು.

ಕೂಸು ಬೆಚ್ಚಗಿತ್ತು. ಅಂಗಿ ಮೇಲೆ ಸರಿದು ಹೊಟ್ಟೆ ಕಾಣುತ್ತಿತ್ತು, ನುಣ್ಣಗೆ, ಯಾವ ಕಲೆಯೂ ಇಲ್ಲದೆ. ಗೌಹರ ಅಂಗಿಯನ್ನು ಕೆಳಗೆಳೆದು ಮುಚ್ಚಿದಳು. ಆಮೇಲೆ ಗಡಿಯಾರದ ಪಟ್ಟಿ ಬಿಚ್ಚಿ ಮಣಿಕಟ್ಟು ತೋರಿಸಿದಳು. “ನನಗೂ ಇದೆ. ನಮ್ಮ ತಾಯಿ ಹಿಡಿದಿದ್ದಳು,” ಅಂದಳು. ಈ ಸಲ ಒಂದೊಂದೇ ಶಬ್ದ, ನಿಧಾನವಾಗಿ, ರೇಡಿಯೋದ ಹಿಂದಿಯಂತೆ.

ಜಾನೋ ಆ ಕಲೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಟೀಚರಳ ಮುಖ ನೋಡಿದಳು. ಇದ್ದೂ ಹಾಗೆ ಮಾಡಿದೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

“ಇವನಿಗೆ ಹಾಕಿಸಬೇಡ,” ಅನ್ನಬೇಕೆಂದು ಬಾಯಿಗೆ ಬಂತು. ನುಂಗಿಕೊಂಡು ಗೌಹರ ಕೇಳಿದಳು, “ಇವನಿಗೆ ಏನು ಮಾಡಬೇಕು ಅಂತಿದ್ದೀ?”

“ಹಾಕಿಸುವುದಿಲ್ಲ,” ಅಂದಳು ಜಾನೋ, ತನಗೆ ಬರುವಷ್ಟು ಹಿಂದಿಯಲ್ಲಿ. “ಗುರುಬಾರಿಗೆ ಹಾಕಿದಾಗ ಹಿಡಿದುಕೊಂಡವಳು ನಾನೇ. ಜ್ವರ ಬಂದು ಮೊಲೆ ಕಚ್ಚಲಿಲ್ಲ. ಇನ್ನೊಂದು ಹುಟ್ಟಿದರೆ ಹಾಕಿಸುವುದಿಲ್ಲ ಅಂತ ಅವತ್ತೇ ಅಂದುಕೊಂಡೆ. ಊರಲ್ಲಿದ್ದರೆ ಅತ್ತೆ ಬಿಡುತ್ತಿರಲಿಲ್ಲ. ಇಷ್ಟು ದೂರ ಬಂದದ್ದಕ್ಕೆ ಅದೊಂದು ಒಳ್ಳೆಯದಾಯಿತು.” ಸೆರಗಿನ ಗಂಟು ಮತ್ತೆ ಬಿಗಿದು ಸೇರಿಸಿದಳು. “ಯಾರೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.”

ಗೌಹರ ತಲೆ ಎತ್ತಲಿಲ್ಲ. “ಮಾಫ್ ಕರೋ,” ಅಂದಳು. ತಪ್ಪಾಯಿತು.

ಜಾನೋ ಆಯಿತು ಅನ್ನಲಿಲ್ಲ, ಇರಲಿ ಅನ್ನಲಿಲ್ಲ. ಕಿಟಕಿಯ ಹೊರಗೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ, ತನ್ನ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತೋರಿಸಿದಳು. “ಇಲ್ಲಿ ಹಿಡಿದಿದ್ದರು ಗುರುಬಾರಿಯ ಅಪ್ಪನನ್ನ, ಎಲ್ಲರ ಎದುರಿಗೆ. ಅವನು ಈಗಲೂ ಊಟಕ್ಕೆ ಕುಂತಾಗ ಆ ಕೈ ತಿಕ್ಕಿಕೊಳ್ಳುತ್ತಾನೆ.”

ಆಗಲೇ ಗೌಹರಳಿಗೆ ಕೇಳಿಸಿದ್ದು. ಗುರುಬಾಯಿ ಅಲ್ಲ, ಗುರುಬಾರಿ. “ಗುರುವಾರ ಹುಟ್ಟಿದಳಾ?” ಎಂದಳು. ಜಾನೋ ಹೌದೆಂದು ತಲೆಯಾಡಿಸಿದಳು. ಮಿಲ್ಲಿನ ಹತ್ತಿರ ಬಸ್ಸು ನಿಂತಾಗ ಕೂಸನ್ನು ಎತ್ತಿಕೊಂಡು ಇಳಿದು, ಹಿಂದಿರುಗಿ ನೋಡದೆ ಹೋದಳು. ಗೌಹರ ಆ ಬಸ್ಸಿನಲ್ಲಿ ಯಾಕೆ ಕುಂತಿದ್ದಳೆಂದು ಕೇಳಬೇಡಿ. ಶನಿವಾರ ಶಾಲೆ ಮುಗಿಸಿ ಆಗಲೇ ಹಾನಗಲ್ಲಿಗೆ ಬಂದಾಗಿತ್ತು. ಆಕೆಗೆ ಹೋಗಬೇಕಾದ ಊರೇ ಇರಲಿಲ್ಲ. ತಿಳವಳ್ಳಿವರೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದಳು.

ಸಂಕ್ರಾಂತಿ ಕಳೆದು ನಾಲ್ಕಾರು ದಿನಕ್ಕೆ ಗುರುಬಾರಿ ಶಾಲೆಗೆ ಬಂದಳು. ಸಮವಸ್ತ್ರ ಆಗಲೇ ಗಿಡ್ಡವಾಗಿತ್ತು. ಗೇಟಿನವರೆಗೆ ತಾಯಿ ಬಂದಿದ್ದಳು, ಒಳಗೆ ಬರಲಿಲ್ಲ. ಗೌಹರ ಗೇಟಿಗೆ ಹೋಗಿ, ಕೈ ಜೋಡಿಸಿ, “ಜೋಹಾರ್” ಅಂದಳು. ಜಾನೋ ಅದಕ್ಕೆ ಉತ್ತರ ಕೊಟ್ಟಳು, ಆದರೆ ನಗಲಿಲ್ಲ. ಬೆರಳೆತ್ತಿ, ಮಗಳ ಕಡೆ ತೋರಿಸಿ ಹೇಳಿದಳು. “ಇವಳಿಗೆ ಏನಾದರೂ ಕಂಡರೆ, ಮೊದಲು ನನಗೆ.”

“ಮೊದಲು ನಿನಗೆ,” ಅಂದಳು ಗೌಹರ.

ಹಾಜರಿಯ ಹೊತ್ತಿಗೆ ಫಕ್ಕೀರಪ್ಪನವರ ಹತ್ತಿರ ಹೋಗಿ ಹೆಸರಿನ ವಿಷಯ ಎತ್ತಿದಳು. “ಕಾಗದದಾಗ ತಿದ್ದೂದು ಸಲೀಸಲ್ರಿ, ಆಫೀಸಿಗೆ ಅಲೀಬೇಕಾಗ್ತದ,” ಅಂದರು ಅವರು. ಆದರೆ ಅವತ್ತಿನಿಂದಲೇ ಬಾಯಲ್ಲಿ ಗುರುಬಾರಿ ಎಂದು ಕರೆಯತೊಡಗಿದರು. ಹುಡುಗಿ ಮೊದಲ ಸಲ ಕೇಳಿದಾಗ ತನ್ನನ್ನಲ್ಲವೇನೋ ಎಂದು ಸುಮ್ಮನೆ ಕುಂತಿದ್ದಳು. ಶಾಲೆಯಲ್ಲಿ ಆ ಹೆಸರು ಆಕೆಗೂ ರೂಢಿ ತಪ್ಪಿತ್ತು.

ಒಬ್ಬೊಬ್ಬರಾಗಿ ಲೈನಿನ ಉಳಿದ ಮಕ್ಕಳೂ ಬಂದರು. ಎಲ್ಲರೂ ಅಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ, ಗೌಹರ ಮ್ಯಾನೇಜರನನ್ನು ಮೊದಲೇ ಕಂಡು, ತಾನು ಬರುವುದು ಶಾಲೆಯ ಕೆಲಸಕ್ಕೆ, ಯಾರ ಮೇಲೂ ದೂರು ಇಲ್ಲ ಎಂದು ಹೇಳಿ, ಆಮೇಲೆ ಲೈನಿಗೆ ಹೋದಳು. ಹೊಸದಾಗಿ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಶಾಲೆಯ ವಯಸ್ಸಿನ ಮಗಳು. ಟೀಚರನ್ನು ಕಂಡು ಆ ಹೆಂಗಸು ಮಗಳನ್ನು ಹಿಂದಕ್ಕೆ ಸರಿಸಿಕೊಂಡಳು. ಜಾನೋ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅವರ ಬಾಗಿಲಿಗೆ ಬಂದಳು. ತಮ್ಮ ನುಡಿಯಲ್ಲಿ ಏನೋ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಒಮ್ಮೆ ಟೀಚರಳ ಕಡೆ ಕೈ ತೋರಿಸಿದಳು, ಒಮ್ಮೆ ತನ್ನ ಹೊಟ್ಟೆ ಮುಟ್ಟಿಕೊಂಡಳು, ಒಮ್ಮೆ ಮೊಣಕೈ ಹಿಡಿದು ತೋರಿಸಿದಳು. ಹೊಸ ಹೆಂಗಸು ಗಾಬರಿಯಿಂದ ಗೌಹರಳನ್ನು ನೋಡಿದಳು.

ಗೌಹರಳಿಗೆ ಒಂದು ಶಬ್ದವೂ ತಿಳಿಯದಿದ್ದರೂ ಎಲ್ಲ ತಿಳಿಯಿತು. ಮುಖ ಕೆಂಪಾಯಿತು. ಆದರೂ ಪಕ್ಕದಲ್ಲಿದ್ದ ಗುರುಬಾರಿಯನ್ನು ಕೇಳಿದಳು.

“ಏನಂದ್ಲವಾ ನಿಮ್ಮವ್ವ?”

ಗುರುಬಾರಿ ಒಮ್ಮೆ ತಾಯಿಯ ಮುಖ ನೋಡಿದಳು, ಹೇಳಲೋ ಬೇಡವೋ ಎಂದು. ತಾಯಿ ಹೇಳು ಎಂದು ಗದ್ದ ಆಡಿಸಿದಳು.

“ಪೊಲೀಸರನ್ನ ಕರಸಿದ ಟೀಚರ್ ಇವ್ರ, ಅಂದ್ಲು. ನಮ್ಮ ಅಪ್ಪನ್ನ ಜೀಪಿನ್ಯಾಗ ಒಯ್ಸಿದ್ರು, ಅಂದ್ಲು.” ಹುಡುಗಿ ಇನ್ನೊಮ್ಮೆ ತಾಯಿಯ ಕಡೆ ನೋಡಿದಳು. “ಆದ್ರ ಈಗ ಕೇಳ್ತಾರಂತ. ಕೇಳಿ ಮಾಡ್ತಾರಂತ. ನಿಮ್ಮ ಮಗಳನ್ನ ಕಳಸ್ರಿ ಅಂದ್ಲು.”

ಹೊಸ ಹೆಂಗಸು ಇನ್ನೂ ಅನುಮಾನದಿಂದಲೇ ನೋಡುತ್ತಿದ್ದಳು. ಗೌಹರ ಒಳಗೆ ಹೋಗಲಿಲ್ಲ, ಹೊಸ್ತಿಲಾಚೆಯೇ ನೆಲದ ಮೇಲೆ ಕುಂತಳು. ತಲೆ ತಗ್ಗಿಸಿಕೊಂಡೇ ಆ ಮಗುವಿನ ಹೆಸರೇನೆಂದು ಕೇಳಿದಳು. ಆ ಹೆಂಗಸು ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿರೆಂದು ಕೇಳಿದಳು.